ಏರೋಪ್ಲೇನ್ ಪುಟ್ಟತಾಯಮ್ಮ

ನಮ್ಮಕ್ಕ ಪುಟ್ಟತಾಯಮ್ಮನನ್ನು ತೊಣ್ಣೂರಿನಲ್ಲಿ ಈಗಲೂ ಏರೋಪ್ಲೇನ್ ಪುಟ್ಟತಾಯಮ್ಮ ಅಂತಲೇ ಕರೆಯುತ್ತಾರೆ. ಹೊಸಬರು ಕೇಳಿದರೆ ವಿಮಾನದಲ್ಲಿ ಓಡಾಡಿ ಬಂದವಳು ಅಂದುಕೊಳ್ಳುತ್ತಾರೆ. ಅವಳು ವಿಮಾನ ಹತ್ತಿಲ್ಲ. ಹತ್ತಲು ಹೋಗಿ ವಾಪಸ್ ಬಂದವಳು. ಆವತ್ತು ನಾನು ಅವಳ ಪಕ್ಕದಲ್ಲಿ ಗಂಟು ಹಿಡಿದುಕೊಂಡು ನಿಂತಿದ್ದೆ.

ಅಕ್ಕ ಹೇಗೆ ಅಂತ ಮೊದಲು ಹೇಳಬೇಕು. ನಾನು ಚಿಕ್ಕವನಿದ್ದಾಗ ನಮ್ಮ ಎಮ್ಮೆ ತೊಣ್ಣೂರು ಕೆರೆಗೆ ಇಳಿದು ಆಳಕ್ಕೆ ಹೊರಟುಹೋಯಿತು. ಏರಿಯ ಮೇಲೆ ನಿಂತ ಗಂಡಸರು ಒಬ್ಬೊಬ್ಬರು ಒಂದೊಂದು ಮಾತು ಆಡಿದರು. ಕೂಗಿ ಕರೆಯಿರಿ ಅಂದರು. ಕೂಗಿದರೆ ಇನ್ನೂ ದೂರ ಹೋಗುತ್ತದೆ ಅಂದರು. ಅಷ್ಟರಲ್ಲಿ ಅಕ್ಕ ಲಂಗ ಎತ್ತಿ ಕಟ್ಟಿ ನೀರಿಗೆ ಬಿದ್ದಿದ್ದಳು. ಎಮ್ಮೆಯ ಬಾಲ ಹಿಡಿದು ಕೆರೆಯ ಆ ಕಡೆ ದಡದಲ್ಲಿ ಎದ್ದಳು. ಯಾಕೆ ಹಾಗೆ ಮಾಡಿದೆ, ಮುಳುಗಿದ್ದರೆ ಏನು ಗತಿ ಅಂತ ಅವ್ವ ಹೊಡೆದಳು. ಅಕ್ಕ ಹೇಳಿದ್ದು ಇಷ್ಟೇ: "ಎಮ್ಮೆ ಬತ್ತಲ್ಲ, ಇನ್ನೇನವ್ವ?"

ಅವಳು ಹಾಗೇ. ಮಾಡುವುದನ್ನು ಮಾಡುತ್ತಾಳೆ. ಕಾರಣ ಕೇಳಿದರೆ ಸಿಗುವುದಿಲ್ಲ.

ಅವಳನ್ನು ನಾಗಮಂಗಲದ ಕಡೆಯ ದೇವರಾಜುಗೆ ಕೊಟ್ಟೆವು. ನಮ್ಮ ಅಪ್ಪ ಆಗಲೇ ಇರಲಿಲ್ಲ. ಭಾವ ಬೊಂಬಾಯಿಯಲ್ಲಿ ಒಂದು ವಿಮಾನ ಕಂಪನಿಯಲ್ಲಿ ಪೆಟ್ಟಿಗೆ ಹತ್ತಿಸುವ ಕೆಲಸ ಮಾಡುತ್ತಿದ್ದರು. ಮಾತುಗಾರ. ಊರಿಗೆ ಬಂದರೆ ಜಗಲಿಯ ಮೇಲೆ ಕೂತು ವಿಮಾನದ ಹೊಟ್ಟೆ ಎಷ್ಟು ದೊಡ್ಡದು, ಅದರಲ್ಲಿ ಎಷ್ಟು ಗಾಡಿ ಹುಲ್ಲು ತುಂಬಬಹುದು ಅಂತೆಲ್ಲ ಹೇಳುತ್ತಿದ್ದರು. ಆದರೆ ಅವರೂ ಒಂದು ಸಲವೂ ಅದರಲ್ಲಿ ಕೂತು ಬಂದವರಲ್ಲ.

ಮೊದಲ ಸಲ ಅಕ್ಕ ಬಸುರಿಯಾದಾಗ ಅತ್ತೆ ಮನೆಯಲ್ಲೇ ಇದ್ದಳು. ಎಂಟನೇ ತಿಂಗಳಲ್ಲಿ ಕೆ.ಆರ್. ಪೇಟೆಯಲ್ಲಿ ಯಾರದೋ ಮದುವೆ ಅಂತ ಬಸ್ಸಿನಲ್ಲಿ ಕರೆದುಕೊಂಡು ಹೋದರು. ವಾಪಸ್ ಬರುವಾಗ ಬಸ್ಸಿನಲ್ಲೇ ನೋವು ಕಾಣಿಸಿತು. ಗಂಡು ಮಗು. ಉಳಿಯಲಿಲ್ಲ.

ನಮ್ಮ ಕಡೆ ಬಸುರಿಯನ್ನು ತವರಿಗೆ ಕರೆದುಕೊಂಡು ಬರುವುದಾದರೆ ಏಳರಲ್ಲಿ ಕರೆತರಬೇಕು. ತಪ್ಪಿದರೆ ಒಂಬತ್ತರಲ್ಲಿ. ಎಂಟರಲ್ಲಿ ಅವಳು ಊರ ಗಡಿ ದಾಟಬಾರದು. ಎಲ್ಲರೂ ಅದನ್ನು ಅಷ್ಟಾಗಿ ನಡೆಸುವುದಿಲ್ಲ. ಆದರೆ ಆ ಮಗು ಹೋದ ಮೇಲೆ ನಮ್ಮ ಅವ್ವ ಚಿಕ್ಕಬೋರಮ್ಮ ಅದನ್ನು ಎಷ್ಟು ಹಿಡಿದುಕೊಂಡಳೆಂದರೆ ಎಂಟು ಅನ್ನುವ ಮಾತನ್ನೇ ಬಿಟ್ಟಳು. ಯಾರ ಮನೆ ಬಸುರಿಯ ತಿಂಗಳು ಎಣಿಸಿದರೂ "ಏಳು, ಅದರ್ ಮುಂದಿಂದು, ಒಂಬತ್ತು" ಅನ್ನುತ್ತಿದ್ದಳು. ಅಕ್ಕನೂ ಹಾಗೇ ಅನ್ನತೊಡಗಿದಳು. ಕೊನೆಗೆ ಎಮ್ಮೆ ಗಬ್ಬದ ಲೆಕ್ಕ ಹೇಳುವಾಗ ನನ್ನ ಬಾಯಲ್ಲೂ ಅದೇ ಬಂತು.

ಆಮೇಲೆ ಭಾವ ಅಕ್ಕನನ್ನು ಬೊಂಬಾಯಿಗೆ ಕರೆದುಕೊಂಡು ಹೋದರು. ಎರಡು ವರ್ಷ ಏನೂ ಇರಲಿಲ್ಲ. ತೊಂಬತ್ತೈದರಲ್ಲಿ ಅಕ್ಕ ಮತ್ತೆ ಬಸುರಿ ಅಂತ ಸುದ್ದಿ ಬಂತು. ಅವ್ವ ಖುಷಿಪಡಲಿಲ್ಲ. ಭಯಪಟ್ಟಳು. ಈ ಮಗುವಾದರೂ ಉಳಿಯಬೇಕು, ಅದು ನನ್ನ ಕಣ್ಣ ಮುಂದೆ ಹುಟ್ಟಬೇಕು ಅಂತ ಒಂದೇ ಜಪ.

ಏಳರಲ್ಲಿ ಕರೆತರುವುದು ಅಂತ ಎಲ್ಲ ಸಿದ್ಧ ಮಾಡಿಕೊಂಡೆವು. ಅಷ್ಟರಲ್ಲಿ ನಮ್ಮ ಅಜ್ಜಿ ತೀರಿಕೊಂಡಳು. ಮೈಲಿಗೆ ಮನೆಗೆ ಬಸುರಿಯನ್ನು ತರುವುದು ಹೇಗೆ? ತಿಥಿ ಮುಗಿಸಿ ಮನೆ ತೊಳೆಯುವ ಹೊತ್ತಿಗೆ ಅಕ್ಕನಿಗೆ ಏಳು ಕಳೆದಿತ್ತು.

ಆಗ ಭಾವ ಪಾಂಡವಪುರದ ಫೋನ್ ಅಂಗಡಿಗೆ ಫೋನ್ ಮಾಡಿದರು. ಅಂಗಡಿ ಶ್ರೀನಿವಾಸಮೂರ್ತಿಗಳದು. ಅವರೂ ನಮ್ಮ ತೊಣ್ಣೂರಿನವರೇ, ದೇವಸ್ಥಾನದ ಮನೆತನ. ಇಂಥ ದಿನ ಇಂಥ ಹೊತ್ತು ಅಂತ ಹೇಳಿ ಕಳಿಸಿದರೆ ನಾವು ಹೋಗಿ ಕಾಯುತ್ತಿದ್ದೆವು.

"ಅತ್ತೆ, ಈ ಸಲ ರೈಲೂ ಬ್ಯಾಡ, ಬಸ್ಸೂ ಬ್ಯಾಡ," ಭಾವ ಆ ಕಡೆಯಿಂದ ಕೂಗಿದರು. "ಕಂಪ್ನಿಯೋರು ನಂಗೂ ಅವ್ಳಿಗೂ ಏರೋಪ್ಲೇನ್ ಪಾಸ್ ಕೊಡ್ತಾವ್ರೆ. ಬೊಂಬಾಯ್ಲಿ ಅತ್ತಿದ್ರೆ ಕಾಪಿ ಕುಡ್ಯೋ ಅಷ್ಟೊತ್ಗೆ ಬೆಂಗ್ಳೂರು. ಒಂದ್ ಕುಲುಕಿಲ್ಲ, ಏನಿಲ್ಲ. ಈಗ್ಲೇ ಕರ್ಕಬರ್ಲಾ?"

"ಈಗ್ಲಾ?" ಅವ್ವ ಫೋನನ್ನೇ ಬೈದಳು. "ಈಗ ಯಾವ್ದು ನಡೀತಾ ಅದೆ ಗೊತ್ತೇನಪ್ಪ ನಿಂಗೆ? ಏಳರ ಮುಂದಿಂದು! ಗಾಡಿ ಆದ್ರೇನು, ಗಾಳಿ ಆದ್ರೇನು. ಅಮಾಸೆ ಕಳೀಲಿ, ಒಂಬತ್ತು ಬೀಳ್ಲಿ. ನಿನ್ ಬಾಮೈದ ನಿಂಗನ್ನ ಕಳುಸ್ತೀನಿ. ತವರ್ನೋರು ಬಂದು ಕರೀದೆ ಎಣ್ಮಗ ಎಂಗ್ ಬಂದಾಳು?"

ಫೋನ್ ಇಟ್ಟ ಮೇಲೆ ಅವ್ವ ಶ್ರೀನಿವಾಸಮೂರ್ತಿಗಳನ್ನು ಕೇಳಿದಳು. "ಅಯ್ನೋರೆ, ಬಸ್ರೀರು ಏರೋಪ್ಲೇನ್ ಅತ್ಬೋದಾ?"

"ನನ್ನ ಷಡ್ಡಕ ಒಂದು ಸಲ ಹೋಗಿದ್ದ ಚಿಕ್ಕಬೋರಮ್ಮ. ಮೇಲೆ ಹೋಗ್ತಿದ್ದ ಹಾಗೆ ಕಿವಿ ಕಟ್ಟಿಕೊಳ್ಳುತ್ತಂತೆ. ಹತ್ತಿ ಕೊಡ್ತಾರೆ, ಇಟ್ಟುಕೊಂಡರಾಯ್ತು."

"ಇವ್ಳು ಇಟ್ಕತಾಳೆ. ವೊಟ್ಟೇಲಿರೋ ಮಗೀಗೆ ಯಾರು ಇಡ್ತಾರೆ?"

ಶ್ರೀನಿವಾಸಮೂರ್ತಿಗಳು ಕನ್ನಡಕ ತೆಗೆದು ಒರೆಸಿದರು. "ಅದು ಅವನನ್ನ ಕೇಳಲಿಲ್ಲ ನಾನು," ಅಂದರು.

ಅಮಾವಾಸ್ಯೆ ಕಳೆಯಿತು. ಅವ್ವ ಹುರಿಟ್ಟು, ಕೋಡುಬಳೆ ಕಟ್ಟಿಕೊಟ್ಟಳು. ನಾನು ಬೆಂಗಳೂರಿಗೆ ಹೋಗಿ ರೈಲು ಹತ್ತಿದೆ. ಪಾಸು ಇದ್ದದ್ದು ಅಕ್ಕನಿಗೆ, ಭಾವನಿಗೆ. ಅವರು ವಿಮಾನದಲ್ಲಿ ಬರುವುದು, ನಾನು ಅವರ ಗಂಟುಮೂಟೆ ತೆಗೆದುಕೊಂಡು ರೈಲಿನಲ್ಲಿ ಬರುವುದು ಅಂತ ತೀರ್ಮಾನ. ಹಾಗಾದರೆ ಕರೆದುಕೊಂಡು ಬಂದವನು ಯಾರು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಬಗೆಹರಿಯಲಿಲ್ಲ.

ಭಾವನ ಮನೆ ವಿಮಾನ ನಿಲ್ದಾಣದ ಹಿಂದೆ ಒಂದು ಚಾಳಿನಲ್ಲಿತ್ತು. ಒಂದೇ ಕೋಣೆ. ವಿಮಾನ ಇಳಿಯುವಾಗ ತಟ್ಟೆ ಲೋಟ ನಡುಗುತ್ತಿದ್ದವು. ಅಕ್ಕ ಹೊಟ್ಟೆ ಹೊತ್ತುಕೊಂಡು ಅದೇ ಕೋಣೆಯಲ್ಲಿ ನಿಧಾನವಾಗಿ ಓಡಾಡುತ್ತಿದ್ದಳು. ಪಾದ ಸ್ವಲ್ಪ ಊದಿತ್ತು. ನನ್ನನ್ನು ನೋಡಿ, "ಎಮ್ಮೆ ಈಯ್ತಾ?" ಅಂತ ಕೇಳಿದಳು. ಅವಳಿಗೆ ಎಮ್ಮೆಯ ಸುದ್ದಿಯೇ ಮೊದಲು.

ಆ ಸಂಜೆ ಭಾವ ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ನಿಂಗರಾಜು, ಒಂದ್ ಎಡವಟ್ಟಾಗೋಗದೆ ಕಣಯ್ಯ."

"ಏನ್ ಬಾವ?"

"ಒಂಬತ್ತು ಬಿದ್ದೋರ್ನ ನಮ್ ಕಂಪ್ನೀಲಿ ಅತ್ಸಲ್ವಂತೆ. ಮ್ಯಾಲೆ ಏನಾರ ಆದ್ರೆ ಅಂತ. ಓದ್ ತಿಂಗ್ಳು ಬಂದಿದ್ರೆ ಅತ್ಸೋರಂತೆ."

ಹೋದ ತಿಂಗಳು ವಿಮಾನ ಬೇಡ ಅನ್ನುತ್ತಿರಲಿಲ್ಲ, ಅವ್ವ ಬೇಡ ಅಂದಳು. ಈ ತಿಂಗಳು ಅವ್ವ ಆಗಬಹುದು ಅಂದಳು, ವಿಮಾನ ಬೇಡ ಅನ್ನುತ್ತದೆ. ಇಬ್ಬರೂ ಅದೇ ಮಗುವಿನ ಒಳ್ಳೆಯದಕ್ಕೆ ಹೇಳುವುದು. ಎರಡು ಲೆಕ್ಕಕ್ಕೂ ಸೇರುವ ಒಂದು ದಿನವೂ ಇಲ್ಲವಲ್ಲ ಅಂತ ತಲೆ ಗಿರ್ ಅಂದಿತು.

"ಅಷ್ಟ್ ವರ್ಸದಿಂದ ಅಲ್ಲೇ ಇದ್ದೀರಿ, ಗೊತ್ತಿರ್ನಿಲ್ವ ಬಾವ?"

"ನಾನು ಪೆಟ್ಗೆ ಅತ್ಸೋನು ಕಣಯ್ಯ. ಬಸ್ರೀರ್ನ ಅತ್ಸೋನಲ್ಲ."

ಒಲೆ ಮುಂದೆ ಇದ್ದ ಅಕ್ಕ ನಕ್ಕುಬಿಟ್ಟಳು. ಆ ಎಲ್ಲ ದಿನಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ ಅಂತ ಕಾಣುತ್ತದೆ.

ಮಾರನೆಯ ದಿನ ನಾನು ಅಕ್ಕನ ಜೊತೆ ಹೆರಿಗೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ವಯಸ್ಸಾದವರು. ಅಕ್ಕನ ಹೊಟ್ಟೆ ನೋಡಿ, ಕೈಗೆ ಪಟ್ಟಿ ಕಟ್ಟಿ ನೋಡಿ, ಹಿಂದಿಯಲ್ಲಿ ಬಹಳ ಹೊತ್ತು ಮಾತಾಡಿದರು. ನನಗೆ ಹಿಂದಿ ಬರುವುದಿಲ್ಲ. ಹೊರಗೆ ಬಂದು ಅಕ್ಕನನ್ನು ಕೇಳಿದೆ.

"ಏನಂದ್ರಕ್ಕ?"

"ವಿಮಾನ್ದಲ್ ಓದ್ರೆ ಇಂಗೇ ಆಯ್ತದೆ ಅಂತ ಯೋಳಕ್ಕಾಗಲ್ವಂತೆ. ಏನೂ ಆಗಲ್ಲ ಅಂತ್ಲೂ ಯೋಳಕ್ಕಾಗಲ್ವಂತೆ."

"ಮತ್ತೆ ರೈಲು?"

"ಅದ್ಕೂ ಅದೇ ಮಾತು."

"ಅಂಗಾರೆ ಓಗು ಅಂದ್ರೋ, ಬ್ಯಾಡ ಅಂದ್ರೋ?"

"ಮೊದ್ಲಿಂದು ಅಂಗಾಗದೆ, ಅದೊಂದು ಯೋಚ್ನೆ ಅಂದ್ರು. ಅವ್ರ್ ಮಗಳಾಗಿದ್ರೆ ಕಳುಸ್ತಿರ್ನಿಲ್ವಂತೆ." ಸ್ವಲ್ಪ ದೂರ ನಡೆದ ಮೇಲೆ ಅಕ್ಕ ಮತ್ತೆ ಹೇಳಿದಳು. "ಅವ್ರ್ ಮಗಳು ಇದೇ ಊರಲ್ಲೇ ಅವ್ಳಂತೆ. ಅವ್ರಿಗೇನು."

ಅವ್ವನಿಗೆ ಫೋನ್ ಮಾಡಿದೆವು. ನಾನು ಎಲ್ಲ ಬಿಡಿಸಿ ಹೇಳಿದೆ. ಅವ್ವ ಕೇಳಿಸಿಕೊಂಡಳೋ ಇಲ್ಲವೋ.

"ನಂಗದೆಲ್ಲ ತಿಳಿಯಲ್ಲ ಕಣ್ಲಾ. ಎಣ್ಮಗೀನ ಕರ್ಕಬಾ ಅಂತ ಕಳಿಸ್ದೆ, ಕರ್ಕಬಾ."

"ಎಂಗ್ ಕರ್ಕಬರ್ಲವ್ವ? ರೈಲಲ್ಲಾ, ವಿಮಾನ್ದಲ್ಲಾ?"

"ಎಂಗೋ ಒಂದು. ಜೋಪಾನ್ವಾಗಿ."

"ಇಲ್ಲೇ ಎರಿಗೆ ಮಾಡಿಸ್ಬುಟ್ರೆ?"

"ಅಲ್ಲಿ ಯಾರ್ಲಾ ಅವ್ರೆ ಅವ್ಳಿಗೆ? ನಾನಿಲ್ದೆ ಓದ್ಸಲ ಒಂದ್ ಕಳ್ಕಂಡಾಯ್ತು," ಅಂದು ಅವ್ವ ಅಳತೊಡಗಿದಳು. ಶ್ರೀನಿವಾಸಮೂರ್ತಿಗಳು ಫೋನ್ ತೆಗೆದುಕೊಂಡು, "ನಿಂಗರಾಜು, ನಿಧಾನವಾಗಿ ಯೋಚನೆ ಮಾಡಿ, ಆದರೆ ಬೇಗ ಮಾಡಿ," ಅಂದರು.

ಭಾವ ಒಂದು ದಾರಿ ಹುಡುಕಿಕೊಂಡು ಬಂದರು. ಟಿಕೀಟು ನೋಡುವ ಕಡೆ ಇರುವ ಹುಡುಗಿ ಅವರಿಗೆ ಪರಿಚಯ. ಬಸುರಿಯರು ಬಂದರೆ ಎಷ್ಟನೇ ತಿಂಗಳು ಅಂತ ಬಾಯಿಮಾತಿನಲ್ಲಿ ಕೇಳುತ್ತಾರಂತೆ. ಎಂಟು ಅಂದರೆ ಸಾಕು, ಬಿಡುತ್ತಾಳಂತೆ. ಅಕ್ಕ ಎತ್ತರದ ಹೆಂಗಸು. ಸೆರಗು ಅಗಲ ಹೊದ್ದರೆ ಹೊಟ್ಟೆ ಅಷ್ಟಾಗಿ ಕಾಣುವುದಿಲ್ಲ.

"ಎಂಟು ಅಂದ್ಬುಡು, ಅಷ್ಟೇಯ," ಅಂದರು ಭಾವ.

ಅಕ್ಕ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು. "ಆ ಮಾತ್ನ ನಾನ್ ಆಡಲ್ಲ."

"ಸುಮ್ಕೆ ಬಾಯ್ ಮಾತ್ಗೆ ಕಣೆ."

"ಒಂದ್ ತಿಂಗ್ಳು ಈ ರೂಮ್ ಬುಟ್ಟು ಬಸ್ಸು ಸೈತ ಅತ್ದೆ ಕುಂತಿದ್ದೆ. ಅದು ಕಳೀಲಿ ಅಂತ. ಈಗ ಒರಡೋ ಒತ್ನಲ್ಲಿ ಅದೇ ಇನ್ನೂ ನಡೀತಾ ಅದೆ ಅಂತ ನನ್ ಬಾಯಿಂದ್ಲೇ ಅಂದ್ರೆ?"

"ಕನ್ನಡ್ದಲ್ಲಿ ಯಾಕಂತೀಯೆ? ಇಂದೀಲಿ ಆಠ್ ಅನ್ನು. ನಮ್ ದ್ಯಾವ್ರಿಗೆ ಇಂದಿ ಬರಲ್ಲ."

ನನಗೆ ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅವಳು ನನ್ನ ಕಡೆ ತಿರುಗಿ ಕೇಳಿದಳು: "ನೀನ್ ಏನಂತೀಯಲಾ?"

ಏನು ಹೇಳಲಿ? ಡಾಕ್ಟರಮ್ಮನ ಮಾತು ನೆನಪಾದರೆ ಇಲ್ಲೇ ಇರಲಿ ಅನ್ನಿಸುತ್ತಿತ್ತು. ಅವ್ವನ ಅಳು ನೆನಪಾದರೆ ಹೊರಡಲಿ ಅನ್ನಿಸುತ್ತಿತ್ತು. ಮೇಲೆ ವಿಮಾನ ಗುಡುಗಿಕೊಂಡು ಹೋದಾಗ ಅದು ಬೇಡವೇ ಬೇಡ ಅನ್ನಿಸುತ್ತಿತ್ತು. "ನಿಂಗೆ ಎಂಗ್ ಕಾಣ್ತದೋ ಅಂಗಕ್ಕ," ಅಂದೆ.

"ನಂಗೇನೂ ಕಾಣ್ತಿಲ್ವಲ್ಲ, ಅದ್ಕೇ ಕೇಳಿದ್ದು," ಅಂದಳು.

ನಮ್ಮಕ್ಕ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆದರೂ ಆ ಸಂಜೆ ಅವಳೇ ಬಟ್ಟೆ ಮಡಚಿ ಗಂಟು ಕಟ್ಟಿದಳು. ಹೋಗುವುದೆಂದೇ ತೀರ್ಮಾನ ಆಯಿತು ಅಂದುಕೊಂಡೆವು.

ಹೊರಡುವ ದಿನ ಬೆಳಿಗ್ಗೆ ಅಕ್ಕ ತಲೆಗೆ ನೀರು ಹಾಕಿಕೊಂಡು, ಹಸಿರು ಸೀರೆ ಉಟ್ಟಳು. ಆಟೋದಲ್ಲಿ ಹೋದೆವು. ನನಗೆ ಒಳಗೆ ಬರಲು ಭಾವ ಒಂದು ಚೀಟಿ ಕೊಡಿಸಿದರು. ಅಲ್ಲಿ ನೆಲ ಎಷ್ಟು ನುಣುಪಾಗಿತ್ತೆಂದರೆ ಅಕ್ಕ ಜಾರುತ್ತಾಳೆಂದು ನಾನು ಅವಳ ರಟ್ಟೆ ಹಿಡಿದುಕೊಂಡೆ. ರೈಲಿನಲ್ಲಿ ನಾನು ಒಯ್ಯಬೇಕಾದ ಗಂಟು ಇನ್ನೊಂದು ಕೈಯಲ್ಲಿ.

ಭಾವನ ಪರಿಚಯದ ಹುಡುಗಿ ಮೇಜಿನ ಹಿಂದೆ ಕೂತಿದ್ದಳು. ಭಾವನನ್ನು ನೋಡಿ ನಕ್ಕಳು. ಅಕ್ಕನ ಹೊಟ್ಟೆ ನೋಡಿದಳು. ಏನೋ ಕೇಳಿದಳು. ಭಾವ ತಟ್ಟನೆ "ಆಠ್" ಅಂದರು. ಅಷ್ಟು ಹಿಂದಿ ನನಗೂ ಅರ್ಥವಾಯಿತು. ಹುಡುಗಿ ತಲೆ ಆಡಿಸಿ ಅಕ್ಕನ ಕಡೆ ಬೆರಳು ತೋರಿಸಿದಳು. ಅವರೇ ಹೇಳಬೇಕು ಅಂತ ಇರಬೇಕು.

ಅಕ್ಕ ಬಾಯಿ ತೆರೆದಳು. ಒಂದು ಕೈ ಹೊಟ್ಟೆಯ ಕೆಳಗೆ ಹೋಯಿತು. ಹಿಂದೆ ನಿಂತವರು ತಳ್ಳುತ್ತಿದ್ದರು. ಭಾವ "ಅನ್ನೇ, ಅನ್ನೇ" ಅಂತ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ನೌ," ಅಂದಳು ಅಕ್ಕ. ಜೋರಾಗಿಯೇ ಅಂದಳು. ಆಮೇಲೆ ಆ ಹುಡುಗಿಗೆ ಸರಿಯಾಗಿ ತಿಳಿಯಲಿ ಅಂತಲೋ ಏನೋ, ಕೈ ಎತ್ತಿ ಒಂಬತ್ತು ಬೆರಳು ತೋರಿಸಿದಳು.

ಹುಡುಗಿಯ ನಗು ಹೋಯಿತು. ಭಾವನ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. ಪಕ್ಕದ ಮೇಜಿನವರೂ ಅಷ್ಟು ಹೊತ್ತಿಗೆ ತಿರುಗಿದ್ದರು. ಪಾಪ, ಅವಳು ಇನ್ನೇನು ಮಾಡಿಯಾಳು? ಆಗುವುದಿಲ್ಲ ಅಂತ ಟಿಕೀಟು ವಾಪಸ್ ಕೊಟ್ಟಳು.

ಭಾವನಿಗೆ ಬಂದ ಕೋಪ ಅಷ್ಟಿಷ್ಟಲ್ಲ. "ನನ್ ಮಾನ ಕಳದ್ಬುಟ್ಟಲ್ಲೇ! ನಾಳಿಂದ ಎಂಗ್ ಮೊಖ ತೋರುಸ್ಲಿ ಇಲ್ಲಿ? ಅಷ್ಟ್ ಯೋಳ್ಕೊಟ್ಟಿದ್ದೆ!"

ಅಕ್ಕ ಅಲ್ಲಿದ್ದ ಕುರ್ಚಿಯ ಮೇಲೆ ಕೂತಳು. ಉಸಿರು ಎಳೆದುಕೊಂಡಳು. ಗಂಟಿನಿಂದ ಅವ್ವ ಕಳಿಸಿದ್ದ ಕೋಡುಬಳೆ ತೆಗೆದು ಮುರಿದು ತಿಂದಳು. ನಾವಿಬ್ಬರೂ ನೋಡುತ್ತಾ ನಿಂತೆವು.

"ಕೇಳುಸ್ತಾ?" ಅಂದಳು ಭಾವನಿಗೆ. "ನಿಮ್ ಟಿಕೀಟು ಅದೆಯಲ್ಲ. ರಜಾನೂ ಅದೆ."

"ಅದೆ. ಏನೀಗ?"

"ನೀವ್ ಅತ್ಬುಡಿ. ಓಗಿ ಅವ್ವನ್ನ ಕರ್ಕಬನ್ನಿ. ರೈಲಲ್ಲಿ."

"ನಾನಾ? ಒಬ್ನೇನಾ?"

"ಏನೂ ಕುಲುಕಲ್ಲ ಅಂದ್ರಲ್ಲ."

ಭಾವ ನನ್ನ ಮುಖ ನೋಡಿದರು. ನಾನು ಗಂಟಿನ ಮುಖ ನೋಡಿದೆ. ಇನ್ನೊಂದು ಸ್ವಲ್ಪ ಹೊತ್ತು ಬೈದರು. ಆಮೇಲೆ ಅಂಗಿ ಎಳೆದು ಸರಿಮಾಡಿಕೊಂಡು ಅದೇ ಹುಡುಗಿಯ ಮುಂದೆ ಮತ್ತೆ ಹೋಗಿ ನಿಂತರು. ವಿಮಾನದಲ್ಲಿ ಅವ್ವನ ಮನೆಗೆ ಹೊರಟ ಅಕ್ಕ ಆಟೋದಲ್ಲಿ ಚಾಳಿಗೆ ಬಂದಳು. ಅವಳನ್ನು ಕರೆತರಲು ಹೋದ ನಾನು ಅವಳ ಹಿಂದೆಯೇ ಬಂದೆ. ಆವತ್ತು ವಿಮಾನ ಹತ್ತಿದವರು ಭಾವ ಒಬ್ಬರೇ.

ಅವರು ತೊಣ್ಣೂರು ಸೇರಿ ಅವ್ವನನ್ನು ಒಪ್ಪಿಸಿ ಹೊರಡಿಸುವ ತನಕ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಅಕ್ಕ ಕೆಮ್ಮಿದರೆ ಎದ್ದು ಕೂರುತ್ತಿದ್ದೆ. ನೋವು ಬಂದರೆ ಯಾರನ್ನು ಕರೆಯುವುದು, ಯಾವ ಭಾಷೆಯಲ್ಲಿ ಕರೆಯುವುದು? ಆಸ್ಪತ್ರೆಗೆ ಹೋಗುವ ದಾರಿಯನ್ನು ದಿನಾ ನಡೆದು ನಡೆದು ಗುರುತು ಮಾಡಿಕೊಂಡೆ. ಆದರೂ ಒಂದು ದಿನ ತಪ್ಪಿ ಮೀನು ಮಾರುಕಟ್ಟೆಗೆ ಹೋಗಿದ್ದೆ. ತಪ್ಪು ಮಾಡಿದೆವೇನೋ, ಅಕ್ಕ ಆಠ್ ಅಂದುಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಅವ್ವನ ಹತ್ತಿರ ಇರುತ್ತಿದ್ದಳು ಅಂತ ಅನ್ನಿಸುತ್ತಲೇ ಇತ್ತು.

ಅವ್ವ ಬಂದಳು. ಎಮ್ಮೆ ಹಾಲು ಕರೆಯುವುದನ್ನು ಪಕ್ಕದ ಮನೆಯ ಚಿಕ್ಕಮ್ಮನಿಗೆ ಒಪ್ಪಿಸಿ, ರಾಗಿಹಿಟ್ಟು, ಬೆಳ್ಳುಳ್ಳಿ, ಬಾಣಂತಿ ಖಾರದ ಸಾಮಾನು ಎಲ್ಲ ಮೂಟೆ ಕಟ್ಟಿಕೊಂಡು ಬಂದಿದ್ದಳು. ಹೊಸಲು ದಾಟುತ್ತಲೇ ಅಕ್ಕನನ್ನು ಬೈದಳು. "ತವರ್ಗೆ ಬಾ ಅಂತ ಕರ್ದ್ರೆ ತವರ್ನೇ ಇಲ್ಲಿಗ್ ಕರುಸ್ಕಂಡ್ಯಲ್ಲೇ, ಗಯ್ಯಾಳಿ!" ಬೈಯುತ್ತಲೇ ಅವಳ ಪಾದ ಹಿಡಿದು ಊತ ಒತ್ತಿ ನೋಡಿದಳು.

ಹೆರಿಗೆ ಕೂಡಲೇ ಆಗಲಿಲ್ಲ. ಡಾಕ್ಟರಮ್ಮ ಹೇಳಿದ ದಿನವೂ ದಾಟಿತು. ಅವ್ವ ಬಾಗಿಲಲ್ಲಿ ಕೂತು ದಿನಾ ಅದನ್ನೇ ಹೇಳುತ್ತಿದ್ದಳು. "ಇಷ್ಟ್ ತಡ ಆಗೋದಾಗಿದ್ರೆ ವಿಮಾನ್ದಲ್ ಬಂದು, ಬಾಡೂಟ ಉಂಡು, ಕೆರೆ ಏರಿ ಮ್ಯಾಲೆ ಅಡ್ಡಾಡ್ಕಂಡು ಇರ್ಬೋದಿತ್ತಲ್ಲೇ." ಅಕ್ಕ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

ಕೊನೆಗೆ ಒಂದು ಮಧ್ಯಾಹ್ನ ನೋವು ಬಂತು. ಹೆಣ್ಣು ಮಗು. ಚೆನ್ನಾಗಿ ಅತ್ತಿತು. ಒಳಗಿನಿಂದ ಆ ಅಳು ಕೇಳಿದಾಗ ಅವ್ವ ಗೋಡೆಗೆ ತಲೆ ಕೊಟ್ಟು ನಿಂತುಬಿಟ್ಟಳು. ಭಾವ ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಮಗುವಿಗೆ ರಂಜಿತ ಅಂತ ಹೆಸರಿಟ್ಟರು. ನಾವೆಲ್ಲ ಚಿನ್ನು ಅನ್ನುತ್ತೇವೆ. ಬಾಣಂತನ ಅರ್ಧ ಅಲ್ಲಿ ಆಯಿತು. ಆಮೇಲೆ ಎಲ್ಲರೂ ರೈಲಿನಲ್ಲೇ ಊರಿಗೆ ಬಂದೆವು. ವಿಮಾನದ ಸುದ್ದಿ ಮಾತ್ರ ನಮಗಿಂತ ಮೊದಲೇ ಬಂದು ಕೂತಿತ್ತು. ಶ್ರೀನಿವಾಸಮೂರ್ತಿಗಳ ಅಂಗಡಿಯಿಂದ ಹೊರಟದ್ದು ತೊಣ್ಣೂರಿಗೆ ಬರುವಷ್ಟರಲ್ಲಿ ಅಕ್ಕ ಮೇಲೆ ಹೋಗುತ್ತಿದ್ದ ವಿಮಾನವನ್ನೇ ಕೆಳಗೆ ಇಳಿಸಿದಳು ಅಂತ ಆಗಿತ್ತು. ಹೆಸರು ಅಂಟಿಕೊಂಡದ್ದು ಹಾಗೆ.

ಒಂದು ಸಲ ಅವಳನ್ನೇ ಕೇಳಿದೆ. "ಆವತ್ತು ಒಂಬತ್ತು ಅಂತ ಯಾಕಂದೆ ಅಕ್ಕ?"

"ಬಾಯ್ಗ್ ಬಂದದ್ದು ಅದೇಯ. ಆ ಇನ್ನೊಂದು ಬರ್ನಿಲ್ಲ."

ಇನ್ನೊಂದು ವರ್ಷ, ಹಬ್ಬಕ್ಕೆ ಬಂದಾಗ, ಮತ್ತೆ ಕೇಳಿದೆ.

"ಇನ್ನೊಂದ್ ಅಂದಿದ್ರೆ ಅವ್ಳು ಬುಟ್ಬುಡೋಳಲ್ವೇನ್ಲಾ," ಅಂದಳು.

ಹಾಗಾದರೆ ಅವಳಿಗೆ ಆ ಮಾತಿನ ಭಯವೋ, ವಿಮಾನದ ಭಯವೋ? ಅಥವಾ ಡಾಕ್ಟರಮ್ಮ ತಮ್ಮ ಮಗಳ ಬಗ್ಗೆ ಅಂದ ಮಾತು ಒಳಗೆ ಕೂತಿತ್ತೋ? ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಹತ್ತಿದ್ದರೂ ಏನೂ ಆಗುತ್ತಿರಲಿಲ್ಲ ಅಂತ ಭಾವ ಇವತ್ತಿಗೂ ವಾದ ಮಾಡುತ್ತಾರೆ. ಇರಬಹುದು.

ಚಿನ್ನುಗೆ ಈಗ ನಾಲ್ಕು ವರ್ಷ. ಮೊನ್ನೆ ಅಕ್ಕ ಊರಿಗೆ ಬಂದಿದ್ದಾಗ ಕೆರೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದೆವು. ಮೇಲೆ ವಿಮಾನದ ಸದ್ದಾಯಿತು. ಮಗು ಏರಿಯ ಮೇಲೆ ಕುಣಿದು ಕೂಗಿತು.

"ಅವ್ವಾ, ನೋಡೇ, ನಿನ್ ಏರೋಪ್ಲೇನು!"

ಅಕ್ಕ ತಲೆ ಎತ್ತಲಿಲ್ಲ. ಎಮ್ಮೆಯ ಬೆನ್ನಿಗೆ ನೀರು ಎರಚಿ, "ನೀರ್ ಅಂಚಿಗ್ ಬರ್ಬ್ಯಾಡ ಕಣೆ, ಅತ್ಲಾಗ್ ನಿಂತ್ಕೊ," ಅಂದಳು.